ನೀರುಬ್ರಾಹ್ಮಿ ಕಲ್ಚರ್‌ನಲ್ಲಿ ಬ್ಯಾಕೋಸೈಡ್ ಹೆಚ್ಚಿಸುವುದು ಹೇಗೆ: ಮೊದಲು ಬೆಳೆಸಿ, ಆಮೇಲೆ ಕೆರಳಿಸಿ

ಬ್ಯಾಕೋಸೈಡ್ ಎಂದರೆ ನೀರುಬ್ರಾಹ್ಮಿಯ ಔಷಧೀಯ ಸಪೋನಿನ್ (ನೀರಿನಲ್ಲಿ ನೊರೆ ಬರಿಸುವ ಸಂಯುಕ್ತ). ಫ್ಲಾಸ್ಕ್‌ನಲ್ಲಿ ಬೆಳೆಸಿದ ಚಿಗುರಿನಲ್ಲಿ, ಅಂದರೆ ಕಲ್ಚರ್‌ನಲ್ಲಿ, ಇದನ್ನು ಹೆಚ್ಚಿಸಲು ಗಿಡವನ್ನು ಕೆರಳಿಸುವ ರಾಸಾಯನಿಕ, ಅಂದರೆ ಎಲಿಸಿಟರ್, ಹಾಕುತ್ತಾರೆ. ಮೀಥೈಲ್ ಜಾಸ್ಮೊನೇಟ್ ಅಂಥದ್ದೊಂದು. ಪ್ರಾಜೆಕ್ಟ್ ಮುಗಿಸುವ ಗಡಿಬಿಡಿಯಲ್ಲಿ ವಿದ್ಯಾರ್ಥಿಗಳು ತರುವ ತಕರಾರು ಹೆಚ್ಚುಕಡಿಮೆ ಒಂದೇ. "ಮೇಡಂ, ಮೀಥೈಲ್ ಜಾಸ್ಮೊನೇಟ್ ಹಾಕಿದೆ, ಚಿಗುರೆಲ್ಲ ಹಳದಿಯಾಯಿತು, ಬ್ಯಾಕೋಸೈಡ್ ಮಾತ್ರ ಏರಲಿಲ್ಲ." ಇಲ್ಲವೇ, "ಒಂದೂವರೆ ಪಟ್ಟು ಏರಿತ್ತು, ಎರಡನೇ ಸಲ ಮಾಡಿದಾಗ ಬರಲೇ ಇಲ್ಲ." ನೋಟ್‌ಬುಕ್ ತೆಗೆಸಿ ನೋಡಿದರೆ ರಾಸಾಯನಿಕದ ಅಳತೆಯಲ್ಲಿ ತಪ್ಪಿರುವುದು ಅಪರೂಪ. ತಪ್ಪಿರುವುದು ಕ್ರಮದಲ್ಲಿ. ಚಿಗುರು ನೆಲೆಯೂರುವ ಮೊದಲೇ ಅದನ್ನು ಕೆರಳಿಸಿರುತ್ತಾರೆ, ಬೆಳವಣಿಗೆ ಅಳೆಯದೆಯೇ ದಿನ ನಿಗದಿ ಮಾಡಿರುತ್ತಾರೆ, ಎಚ್‌ಪಿಎಲ್‌ಸಿ (ಮಿಶ್ರಣದ ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಕೈಗೆ ಹತ್ತುವ ಮೊದಲೇ ಸ್ಯಾಂಪಲ್ ಒಣಗಿಸಿ ಇಟ್ಟಿರುತ್ತಾರೆ.

ಗಿಡಕ್ಕೆ ಸಪೋನಿನ್ ಎನ್ನುವುದು ಕಾವಲಿನ ಖರ್ಚು. ಬೆಳೆಯುವುದಕ್ಕೂ ಕಾವಲಿಗೂ ಹಣ ಹೋಗುವುದು ಒಂದೇ ಜೇಬಿನಿಂದ, ಅಂದರೆ ನೀವು ಕೊಟ್ಟ ಸಕ್ಕರೆಯಿಂದ. ಮೊದಲ ದಿನವೇ ಹುಳ ಕಡಿಯಿತೆಂಬ ಸುಳ್ಳು ಸುದ್ದಿ ಕೊಟ್ಟರೆ ಗಿಡ ಬೆಳೆಯುವುದನ್ನು ನಿಲ್ಲಿಸುತ್ತದೆ. ಕೈಗೆ ಸಿಗುವುದು ಸಪೋನಿನ್ ತುಂಬಿದ ನಾಲ್ಕೇ ನಾಲ್ಕು ಎಲೆ. ಅದಕ್ಕೇ ಕೆಳಗಿನ ಹಂತಗಳ ಸರದಿ ಬದಲಿಸಬೇಡಿ. ಎಲ್ಲ ಸೇರಿ ಹಲವು ತಿಂಗಳು ಬೇಕು. ಅಷ್ಟು ಸಮಯವಿಲ್ಲದಿದ್ದರೆ ನಾಲ್ಕನೇ ಹಂತಕ್ಕೆ ನಿಲ್ಲಿಸಿ. ಅಲ್ಲಿಯವರೆಗಿನ ಕೆಲಸವೇ ಒಂದು ಒಳ್ಳೆಯ ಪ್ರಾಜೆಕ್ಟ್.

ಬೇಕಾಗುವ ಸಾಮಾನು

ಲ್ಯಾಮಿನಾರ್ (ಸೋಸಿದ ಗಾಳಿ ಬೀಸುವ ಕೆಲಸದ ಪೆಟ್ಟಿಗೆ), ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ), ಪಿಎಚ್ ಮೀಟರ್, ಬೆಳಕಿರುವ ಕಲ್ಚರ್ ಕೋಣೆ ನಿಮ್ಮಲ್ಲಿ ಇದ್ದೇ ಇರುತ್ತವೆ. ಇವುಗಳ ಜೊತೆಗೆ 250 ಮಿ.ಲೀ. ಕೋನಿಕಲ್ ಫ್ಲಾಸ್ಕ್ ಕನಿಷ್ಠ 24, ನಿಧಾನವಾಗಿ ತಿರುಗುವ ಶೇಕರ್, ಮಿಲಿಗ್ರಾಂ ತೂಗುವ ತಕ್ಕಡಿ, ಹಾಟ್ ಏರ್ ಓವನ್, ಎಥನಾಲ್‌ಗೆ ಕರಗದ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ (ನೈಲಾನ್ ಅಥವಾ ಪಿಟಿಎಫ್‌ಇ), ಮತ್ತು ಬ್ಯಾಕೋಸೈಡ್ ಎ ಸ್ಟ್ಯಾಂಡರ್ಡ್ (ಹೋಲಿಸಿ ಅಳೆಯಲು ಬೇಕಾದ ಶುದ್ಧ ಮಾದರಿ). ದುಬಾರಿಯೆಂದು ಸ್ಟ್ಯಾಂಡರ್ಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ತರಿಸುವವರಿದ್ದಾರೆ. ಅದಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಹಂತ 1: ಗಿಡ ಯಾವುದು, ಯಾವ ಭಾಗ

ನಮ್ಮಲ್ಲಿ 'ಬ್ರಾಹ್ಮಿ' ಎಂದು ಕೇಳಿದರೆ ಎರಡು ಗಿಡ ಸಿಗುತ್ತವೆ. ತಂಬುಳಿಗೆ ಹಾಕುವ ಒಂದೆಲಗ, ಕರಾವಳಿಯವರ ತಿಮರೆ, ಸೆಂಟೆಲ್ಲಾ ಏಷಿಯಾಟಿಕಾ. ಅದರ ಎಲೆ ಮೂತ್ರಪಿಂಡದ ಆಕಾರದ್ದು, ಒಂದು ತೊಟ್ಟಿಗೆ ಒಂದೇ ಎಲೆ. ಅದರಲ್ಲಿರುವುದು ಏಷಿಯಾಟಿಕೋಸೈಡ್. ನಮಗೆ ಬೇಕಾದದ್ದು ನೀರುಬ್ರಾಹ್ಮಿ, ಬ್ಯಾಕೋಪಾ ಮೊನ್ನಿಯೇರಿ. ಜೌಗಿನಲ್ಲಿ ಹರಡುವ ರಸಭರಿತ ಕಾಂಡ, ಎದುರುಬದುರಾಗಿ ಕೂತ ಪುಟ್ಟ ದಪ್ಪ ಎಲೆ, ಬಿಳಿ ಅಥವಾ ತಿಳಿನೇರಳೆ ಹೂವು. ನರ್ಸರಿಯ ಚೀಟಿ ನಂಬಿ ಒಂದೆಲಗದ ಕಲ್ಚರ್ ಮಾಡಿ, ಆರು ತಿಂಗಳು ಬ್ಯಾಕೋಸೈಡ್ ಪೀಕ್ ಹುಡುಕಿದವರು ನನಗೆ ಗೊತ್ತು. ಹೂ ಬಿಟ್ಟ ಗಿಡವನ್ನು ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಿ, ಹರ್ಬೇರಿಯಂ ಹಾಳೆ ಮಾಡಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ.

ಎಲ್ಲ ಫ್ಲಾಸ್ಕ್‌ಗಳೂ ಒಂದೇ ತಾಯಿಗಿಡದಿಂದ ಬರಬೇಕು. ಗಿಡದಿಂದ ಗಿಡಕ್ಕೆ ಬ್ಯಾಕೋಸೈಡ್ ಮಟ್ಟ ಬಹಳ ಬದಲಾಗುತ್ತದೆ. ಎರಡು ಗಿಡಗಳ ಚಿಗುರು ಬೆರೆತರೆ ನಿಮ್ಮ ಎಲಿಸಿಟರ್‌ನ ಪರಿಣಾಮ ಆ ವ್ಯತ್ಯಾಸದಲ್ಲೇ ಮುಳುಗಿಹೋಗುತ್ತದೆ. ಔಷಧೀಯ ಸಸ್ಯಗಳ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಮ್ಯಾಪ್‌ನ ಸುಬೋಧಕ, ಪ್ರಜ್ಞಾಶಕ್ತಿಯಂಥ ಬಿಡುಗಡೆಯಾದ ತಳಿ ಸಿಕ್ಕರೆ ಇನ್ನೂ ಒಳ್ಳೆಯದು.

ಕ್ಯಾಲಸ್ (ಅಂಗಗಳಿಲ್ಲದ ಕೋಶಗಳ ಮುದ್ದೆ) ಮಾಡಲೇ, ಚಿಗುರು ಬೆಳೆಸಲೇ? ಚಿಗುರು. ಎಷ್ಟೋ ಔಷಧೀಯ ಸಂಯುಕ್ತಗಳು ಅಂಗ ರೂಪುಗೊಂಡ ಮೇಲಷ್ಟೇ ಹುಟ್ಟುತ್ತವೆ. ನಿತ್ಯಪುಷ್ಪದ ಬಿಡಿಕೋಶಗಳ ಕಲ್ಚರ್‌ನಲ್ಲಿ ವಿಂಡೊಲಿನ್ ತಯಾರಾಗದ ಕಾರಣಕ್ಕೇ, ಅದರಿಂದಾಗುವ ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್‌ನ ಕನಸು ದಶಕಗಳಿಂದ ಅಲ್ಲೇ ನಿಂತಿದೆ. ನೀರುಬ್ರಾಹ್ಮಿಯ ಚಿಗುರು ಕ್ಯಾಲಸ್‌ಗಿಂತ ಬೇಗ ಬೆಳೆಯುತ್ತದೆ ಕೂಡ. ಹೀಗಿರುವಾಗ 2,4-ಡಿ ಹಾರ್ಮೋನ್ ಹಾಕಿ ಕ್ಯಾಲಸ್ ಬರಿಸುವ ಹಠ ಯಾಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಂತ 2: ಸ್ವಚ್ಛ ತಾಯಿ ಕಲ್ಚರ್

ಇದು ಕೆಸರಿನ ಗಿಡ. ಕಾಂಡದ ಒಳಗೇ ಬ್ಯಾಕ್ಟೀರಿಯಾ ಇರುತ್ತದೆ. ಹಳ್ಳದಿಂದ ಕಿತ್ತು ನೇರ ಲ್ಯಾಮಿನಾರ್‌ಗೆ ತಂದರೆ ಸೋಲು ಖಚಿತ. ಮೊದಲು ಕುಂಡದಲ್ಲಿ ನೆಟ್ಟು, ನೀರನ್ನು ಬುಡಕ್ಕಷ್ಟೇ ಕೊಟ್ಟು, ಮೂರು ನಾಲ್ಕು ವಾರ ನೆರಳುಮನೆಯಲ್ಲಿ ಇಡಿ. ಮೇಲಕ್ಕೆದ್ದ ಹೊಸ ತುದಿಗಳನ್ನು ಮಾತ್ರ ಕತ್ತರಿಸಿ.

ಹರಿಯುವ ನೀರಿನಲ್ಲಿ ಅರ್ಧ ಗಂಟೆ ತೊಳೆಯಿರಿ. ಎರಡು ಹನಿ ಟ್ವೀನ್-20 ಹಾಕಿದ ನೀರಿನಲ್ಲಿ 5 ನಿಮಿಷ, ಶೇ. 0.1ರ ಕಾರ್ಬೆಂಡಾಜಿಮ್‌ನಲ್ಲಿ 10 ನಿಮಿಷ ಇಡಿ. ಆಮೇಲೆ ಲ್ಯಾಮಿನಾರ್ ಒಳಗೆ ಶೇ. 0.1ರ ಮರ್ಕ್ಯುರಿಕ್ ಕ್ಲೋರೈಡ್‌ನಲ್ಲಿ 2ರಿಂದ 3 ನಿಮಿಷ, ಬೆನ್ನಿಗೇ ಶುದ್ಧೀಕರಿಸಿದ ನೀರಿನಲ್ಲಿ ಐದು ಸಲ ತೊಳೆತ. ಕಾಂಡ ಮೆತುವಾದ್ದರಿಂದ ಮೂರು ನಿಮಿಷ ದಾಟಿದರೆ ತುದಿ ಬಿಳಿಚಿಕೊಳ್ಳುತ್ತದೆ. ಮರ್ಕ್ಯುರಿಕ್ ಕ್ಲೋರೈಡ್ ವಿಷ. ಕೈಗವಸು ಕಡ್ಡಾಯ, ಮೊದಲ ತೊಳೆತದ ನೀರನ್ನೂ ಸೇರಿಸಿ ಬೇರೆ ಬಾಟಲಿಯಲ್ಲಿ ಸಂಗ್ರಹಿಸಿ. ಸಿಂಕಿಗೆ ಸುರಿಯುವ ಹಾಗಿಲ್ಲ.

ಎಂಎಸ್ ಮೀಡಿಯಾ (ಮುರಾಶಿಗೆ–ಸ್ಕೂಗ್ ಪೋಷಕ ದ್ರಾವಣ), ಶೇ. 3 ಸಕ್ಕರೆ, ಲೀಟರಿಗೆ 0.5 ಮಿ.ಗ್ರಾಂ ಬಿಎಪಿ (ಚಿಗುರು ಹೊಮ್ಮಿಸುವ ಹಾರ್ಮೋನ್), 8 ಗ್ರಾಂ ಅಗರ್, ಪಿಎಚ್ 5.8. ಗೆಣ್ಣಿರುವ ಒಂದೂವರೆ ಸೆಂ.ಮೀ. ತುಂಡು ಇಟ್ಟರೆ ಎರಡು ವಾರದಲ್ಲಿ ಚಿಗುರಿನ ಗುಂಪು ಏಳುತ್ತದೆ. ಕೋಣೆ 25 ಡಿಗ್ರಿ, ದಿನಕ್ಕೆ 16 ಗಂಟೆ ಬೆಳಕು.

ಎಚ್ಚರಿಕೆಯ ಗುರುತು: ಅಗರ್ ಮೇಲೆ ಎಲ್ಲ ಚೆನ್ನಾಗಿದ್ದು, ತುಂಡಿನ ಬುಡದಲ್ಲಿ ಮಾತ್ರ ತೆಳು ಹಾಲಿನಂಥ ಮಸುಕು ಕಂಡರೆ ಅದು ಒಳಗಿನ ಬ್ಯಾಕ್ಟೀರಿಯಾ. "ಪರವಾಗಿಲ್ಲ, ಗಿಡ ಬೆಳೀತಾ ಇದೆಯಲ್ಲ" ಎಂದು ಬಿಟ್ಟರೆ ದ್ರವ ಮೀಡಿಯಾಕ್ಕೆ ಹೋದ ಎರಡನೇ ದಿನ ಫ್ಲಾಸ್ಕ್ ಮಜ್ಜಿಗೆಯಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಫ್ಲಾಸ್ಕ್ ತಿಳಿಯಾಗಿಯೇ ಇರುವುದು. ಬ್ಯಾಕ್ಟೀರಿಯಾ ತಾನೇ ಎಲಿಸಿಟರ್‌ನ ಕೆಲಸ ಮಾಡುವುದರಿಂದ ನಿಮ್ಮ ಕಂಟ್ರೋಲ್‌ನಲ್ಲೂ (ಎಲಿಸಿಟರ್ ಹಾಕದ, ಹೋಲಿಕೆಯ ಫ್ಲಾಸ್ಕ್) ಬ್ಯಾಕೋಸೈಡ್ ಏರಿರಬಹುದು. ಕನಿಷ್ಠ ಮೂರು ಸಬ್‌ಕಲ್ಚರ್ (ಹೊಸ ಮೀಡಿಯಾಕ್ಕೆ ವರ್ಗಾವಣೆ) ಆಗುವವರೆಗೆ ಕಾಯಿರಿ. ಪ್ರತಿ ಸಲ ಬುಡದ ಚೂರೊಂದನ್ನು ನ್ಯೂಟ್ರಿಯಂಟ್ ಅಗರ್ ಮೇಲೆ ಉಜ್ಜಿ ನೋಡಿ.

ಹಂತ 3: ದ್ರವ ಮೀಡಿಯಾಕ್ಕೆ ಇಳಿಸುವುದು

250 ಮಿ.ಲೀ. ಫ್ಲಾಸ್ಕ್‌ಗೆ 50 ಮಿ.ಲೀ. ಮೀಡಿಯಾ, ಅದಕ್ಕೆ 1 ಗ್ರಾಂ ಹಸಿ ಚಿಗುರು. ಬಿಎಪಿಯನ್ನು 0.2 ಮಿ.ಗ್ರಾಂಗೆ ಇಳಿಸಿ. ಅಗರ್‌ನಲ್ಲಿ ಸರಿಹೋದ ಪ್ರಮಾಣ ದ್ರವದಲ್ಲಿ ಜಾಸ್ತಿಯಾಗುತ್ತದೆ, ಯಾಕೆಂದರೆ ಈಗ ಇಡೀ ಚಿಗುರು ಅದರಲ್ಲಿ ಮುಳುಗಿದೆ. ಶೇಕರ್ ನಿಮಿಷಕ್ಕೆ 80 ಸುತ್ತು ಸಾಕು. ಕೋಶಗಳ ಸಸ್ಪೆನ್ಷನ್‌ಗೆ ಇಡುವ 110, 120ರಲ್ಲಿ ಚಿಗುರು ಗಾಜಿಗೆ ಬಡಿದು ಗಾಯವಾಗುತ್ತದೆ.

ಇಲ್ಲಿ ಎದುರಾಗುವ ದೊಡ್ಡ ತೊಂದರೆ ಗಾಜಿನಂತಾಗುವಿಕೆ. ಎಲೆ ಪಾರದರ್ಶಕವಾಗಿ, ಉಬ್ಬಿ, ಮುಟ್ಟಿದರೆ ಮುರಿಯುವಂತಾಗುತ್ತದೆ. ಹಸಿ ತೂಕ ನೋಡಿದರೆ ಅದ್ಭುತ, ಒಣಗಿಸಿದರೆ ಏನೂ ಉಳಿಯದು, ಬರೀ ನೀರು. ಕಂಡೊಡನೆ ಬಿಎಪಿ ಇನ್ನಷ್ಟು ಇಳಿಸಿ ಅಥವಾ ತೆಗೆದೇಬಿಡಿ. ಈ ಗಿಡ ಹಾರ್ಮೋನ್ ಇಲ್ಲದೆಯೂ ಬೆಳೆಯುತ್ತದೆ. ಫ್ಲಾಸ್ಕ್ ಬಾಯಿಗೆ ಬಿಗಿ ಫಾಯಿಲ್ ಸುತ್ತಬೇಡಿ, ಹತ್ತಿಯ ಬಿರಡೆ ಇರಲಿ, ಗಾಳಿಯಾಡಲಿ. ಆಗಲೂ ಹೋಗದಿದ್ದರೆ ಅಮೋನಿಯಂ ನೈಟ್ರೇಟನ್ನು ಲೀಟರಿಗೆ 1650 ಮಿ.ಗ್ರಾಂನಿಂದ ಅರ್ಧಕ್ಕೆ ಇಳಿಸಿ ನೋಡಿ. ಗಾಜಾದ ಚಿಗುರಿಗೆ ಎಲಿಸಿಟರ್ ಹಾಕುವುದು ದುಡ್ಡು ದಂಡ.

ಇನ್ನೊಂದು, ಕರೆಂಟು. ರಾತ್ರಿ ಎರಡು ಗಂಟೆ ಶೇಕರ್ ನಿಂತಿದ್ದು ಬೆಳಿಗ್ಗೆ ಯಾರಿಗೂ ಗೊತ್ತಿರುವುದಿಲ್ಲ. ಹೋದ ಹೊತ್ತು, ಬಂದ ಹೊತ್ತು ಬರೆಯಲು ಶೇಕರ್ ಪಕ್ಕದಲ್ಲೇ ಒಂದು ಹಾಳೆ ಅಂಟಿಸಿ.

ಹಂತ 4: ಬೆಳವಣಿಗೆಯ ರೇಖೆ

ಬಹುತೇಕರು ಹಾರಿಸುವ ಹಂತ ಇದೇ. "ಪೇಪರ್‌ನಲ್ಲಿ 20ನೇ ದಿನ ಹಾಕಿದ್ದಾರೆ, ನಾವೂ 20ನೇ ದಿನ ಹಾಕಿದೆವು" ಎನ್ನುತ್ತಾರೆ. ಅವರ ಚಿಗುರು, ಅವರ ಬೆಳಕು, ಅವರ ಫ್ಲಾಸ್ಕ್ ನಿಮ್ಮದಲ್ಲ.

24 ಫ್ಲಾಸ್ಕ್‌ಗಳನ್ನು ಒಂದೇ ದಿನ ಶುರು ಮಾಡಿ. 0, 5, 10, 15, 20, 25, 30, 35ನೇ ದಿನಗಳಲ್ಲಿ ಮೂರು ಮೂರು ಫ್ಲಾಸ್ಕ್ ತೆಗೆಯಿರಿ. ಪ್ರತಿಯೊಂದರಲ್ಲೂ ಒಣ ತೂಕ, ಉಳಿದ ಮೀಡಿಯಾದ ಪಿಎಚ್, ಕೈ ರಿಫ್ರ್ಯಾಕ್ಟೋಮೀಟರ್ ಇದ್ದರೆ ಬ್ರಿಕ್ಸ್ (ಉಳಿದ ಸಕ್ಕರೆಯ ಮಟ್ಟ) ಅಳೆಯಿರಿ. ಹಸಿ ತೂಕಕ್ಕೆ ಟಿಶ್ಯೂ ಒತ್ತಿದ ಕೈಯ ಮೇಲೆ ಫಲಿತಾಂಶ ಬದಲಾಗುತ್ತದೆ, ಅದನ್ನು ನಂಬಿ ನಿರ್ಧಾರ ಬೇಡ. ಒಣಗಿಸಿದ ಸ್ಯಾಂಪಲ್ ಎಸೆಯಬೇಡಿ, ಮುಂದಿನ ಹಂತಕ್ಕೆ ಬೇಕು.

ರೇಖೆ ಮೊದಲು ಮಲಗಿರುತ್ತದೆ, ಆಮೇಲೆ ಏರುತ್ತದೆ, ಕೊನೆಗೆ ಬಾಗುತ್ತದೆ. ಏರುವುದು ಮುಗಿದು ಬಾಗಲು ಶುರುವಾಗುವ ಜಾಗವೇ ನಿಮ್ಮ ಎಲಿಸಿಟರ್ ದಿನ. ಚಿಗುರು ಸಾಕಷ್ಟು ಸೇರಿದೆ, ಸಕ್ಕರೆ ಇನ್ನೂ ಉಳಿದಿದೆ, ಇವೆರಡೂ ಒಟ್ಟಿಗೆ ಇರಬೇಕು. ಬ್ರಿಕ್ಸ್ ಸೊನ್ನೆಯ ಹತ್ತಿರ ಬಂದಿದ್ದರೆ ತಡವಾಯಿತು, ಖಾಲಿ ಜೇಬಿನ ಗಿಡವನ್ನು ಹೆದರಿಸಿ ಪ್ರಯೋಜನವಿಲ್ಲ. ಮೊದಲ ದಿನಗಳಲ್ಲಿ ಅಮೋನಿಯಂ ಹೀರುವಾಗ ಪಿಎಚ್ ಕೆಳಗಿಳಿಯುವುದು ಸಹಜ. ಇಳಿದದ್ದು ಮೇಲೇಳದೆ ಅಲ್ಲೇ ನಿಂತು, ಚಿಗುರೂ ಬೆಳೆಯದಿದ್ದರೆ ಮೀಡಿಯಾ ತಯಾರಿಯಲ್ಲಿ ತಪ್ಪಿದೆ.

ಹಂತ 5: ಅಳತೆಯ ಕೆಲಸ ಮೊದಲೇ ಪಳಗಲಿ

ಎಲಿಸಿಟರ್ ಬಾಟಲಿ ತೆರೆಯುವ ಮುನ್ನ ಎಚ್‌ಪಿಎಲ್‌ಸಿ ಸಿದ್ಧವಿರಬೇಕು. ಹಂತ 4ರ ಒಣ ಸ್ಯಾಂಪಲ್‌ಗಳ ಮೇಲೆ ಅಭ್ಯಾಸ ಮಾಡಿ (ಸಾರ ತೆಗೆಯುವ ಬಗೆ ಹಂತ 8ರಲ್ಲಿದೆ).

ಬ್ಯಾಕೋಸೈಡ್ ಎ ಒಂದು ಸಂಯುಕ್ತವಲ್ಲ, ನಾಲ್ಕರ ಮಿಶ್ರಣ: ಬ್ಯಾಕೋಸೈಡ್ ಎ3, ಬ್ಯಾಕೋಪಸೈಡ್ 2, ಬ್ಯಾಕೋಪಸಪೋನಿನ್ ಸಿ, ಮತ್ತು ಇದರ ಜುಜುಬೊಜೆನಿನ್ ಐಸೋಮರ್. ಕ್ರೊಮ್ಯಾಟೋಗ್ರಾಂನಲ್ಲಿ (ಎಚ್‌ಪಿಎಲ್‌ಸಿ ಬರೆಯುವ ರೇಖೆ) ನಾಲ್ಕು ಪೀಕ್ ಬರಬೇಕು. ಒಂದೇ ಪೀಕ್ ನೋಡಿ "ಬ್ಯಾಕೋಸೈಡ್ ಸಿಕ್ಕಿತು" ಎಂದು ಬರೆದ ವರದಿಗಳನ್ನು ನಾನು ವಾಪಸ್ ಕಳಿಸಿದ್ದೇನೆ.

ಸಿ18 ಕಾಲಂ, ಸ್ವಲ್ಪ ಆಮ್ಲ ಬೆರೆಸಿದ ನೀರು ಮತ್ತು ಅಸಿಟೋನೈಟ್ರೈಲ್, 205 ನ್ಯಾನೋಮೀಟರ್ ಬೆಳಕಿನಲ್ಲಿ ಅಳತೆ. ಅಸಿಟೋನೈಟ್ರೈಲ್ ದುಬಾರಿಯೆಂದು ಮೆಥನಾಲ್ ಹಾಕಬೇಡಿ. ಮೆಥನಾಲ್ ತಾನೇ 205ರ ಆಸುಪಾಸಿನಲ್ಲಿ ಬೆಳಕು ಹೀರುವುದರಿಂದ ಬೇಸ್‌ಲೈನ್ ತೇಲಾಡುತ್ತದೆ. ಐದು ಸಾಂದ್ರತೆಗಳ ಕ್ಯಾಲಿಬ್ರೇಷನ್ ಗೆರೆ ಎಳೆಯಿರಿ. ಒಂದೇ ಸ್ಯಾಂಪಲನ್ನು ಮೂರು ಸಲ ಹಾಕಿ ನೋಡಿ, ಅಲ್ಲೇ ಶೇ. 10 ಏರುಪೇರಿದ್ದರೆ ಎಲಿಸಿಟರ್ ತಂದ ಶೇ. 20ರ ಏರಿಕೆಯನ್ನು ಯಾರೂ ಒಪ್ಪುವುದಿಲ್ಲ.

ವೆನಿಲಿನ್–ಸಲ್ಫ್ಯೂರಿಕ್ ಆಮ್ಲದ ಬಣ್ಣದ ಪರೀಕ್ಷೆ ಅಗ್ಗ, ಬೇಗ ಆಗುತ್ತದೆ. ಆದರೆ ಸ್ಟೆರಾಲ್‌ಗಳಿಗೂ ಇತರ ಟ್ರೈಟರ್ಪೀನ್‌ಗಳಿಗೂ ಅದು ಬಣ್ಣ ಕೊಡುತ್ತದೆ. ಯಾವ ಫ್ಲಾಸ್ಕ್ ಎಚ್‌ಪಿಎಲ್‌ಸಿಗೆ ಯೋಗ್ಯ ಎಂದು ಆರಿಸಲು ಬಳಸಿ, ತೀರ್ಪಿಗೆ ಬೇಡ.

ಹಂತ 6: ಎಲಿಸಿಟರ್ ದ್ರಾವಣ

ಶುರುವಿಗೆ ಮೀಥೈಲ್ ಜಾಸ್ಮೊನೇಟ್ ಒಂದೇ ಸಾಕು. ಅಣುತೂಕ 224.3. ಸಣ್ಣ ಗಾಜಿನ ಶೀಶೆಯಲ್ಲಿ 224 ಮಿ.ಗ್ರಾಂ ತೂಗಿ, ಎಥನಾಲ್‌ನಲ್ಲಿ 10 ಮಿ.ಲೀ.ಗೆ ಏರಿಸಿದರೆ 100 ಮಿಲಿಮೋಲಾರ್ ಸ್ಟಾಕ್ (ಸಾಂದ್ರ ಮೂಲ ದ್ರಾವಣ). ಬಾಟಲಿಯ ಮೇಲೆ ಶುದ್ಧತೆ ಶೇ. 95 ಎಂದಿದ್ದರೆ 236 ಮಿ.ಗ್ರಾಂ ತೂಗಿ. ಫಿಲ್ಟರ್ ಮಾಡಿ ಫ್ರಿಜ್‌ನಲ್ಲಿಡಿ. ಆಟೋಕ್ಲೇವ್ ಮಾಡುವ ವಸ್ತುವಲ್ಲ ಇದು, ಆವಿಯಾಗಿ ಹೋಗುತ್ತದೆ.

50 ಮಿ.ಲೀ. ಮೀಡಿಯಾಕ್ಕೆ 12.5 ಮೈಕ್ರೋಲೀಟರ್ ಸ್ಟಾಕ್ ಹಾಕಿದರೆ 25 ಮೈಕ್ರೋಮೋಲಾರ್. 25 ಹಾಕಿದರೆ 50, 50 ಹಾಕಿದರೆ 100, 100 ಹಾಕಿದರೆ 200. ಹೀಗೆ ಮಾಡಿದಾಗ ಎಥನಾಲ್ ಕೂಡ ಜೊತೆಜೊತೆಗೆ ಏರುತ್ತದೆಯಲ್ಲ? ಅದಕ್ಕೇ ಕಡಿಮೆ ಪ್ರಮಾಣದ ಫ್ಲಾಸ್ಕ್‌ಗಳಿಗೆ ಬರಿ ಎಥನಾಲ್ ಸೇರಿಸಿ ಎಲ್ಲದರಲ್ಲೂ ಒಟ್ಟು 100 ಮೈಕ್ರೋಲೀಟರ್ ಮಾಡಿ. ಕಂಟ್ರೋಲ್ ಎರಡು ಇರಲಿ. ಒಂದಕ್ಕೆ ಏನೂ ಇಲ್ಲ, ಇನ್ನೊಂದಕ್ಕೆ 100 ಮೈಕ್ರೋಲೀಟರ್ ಎಥನಾಲ್ ಮಾತ್ರ. ಹೋಲಿಕೆ ಈ ಎರಡನೆಯದರ ಜೊತೆ.

ಮುಂದೆ ಸ್ಯಾಲಿಸಿಲಿಕ್ ಆಮ್ಲ ಬಳಸುವುದಾದರೆ ಸ್ಟಾಕ್‌ನ ಪಿಎಚ್ 5.8ಕ್ಕೆ ತನ್ನಿ, ಇಲ್ಲವಾದರೆ ನೀವು ಪರೀಕ್ಷಿಸುವುದು ಹುಳಿಯನ್ನು. ಇನ್ನೊಂದು ಎಲಿಸಿಟರ್ ಕೈಟೋಸಾನ್ ಕರಗುವುದು ಅಸಿಟಿಕ್ ಆಮ್ಲದಲ್ಲಿ, ಆದ್ದರಿಂದ ಕಂಟ್ರೋಲ್‌ಗೂ ಅಷ್ಟೇ ಅಸಿಟಿಕ್ ಆಮ್ಲ ಬೀಳಬೇಕು.

ಹಂತ 7: ಹಾಕುವ ದಿನ, ಆಮೇಲಿನ ವಾರ

ಎಲ್ಲ ಪ್ರಮಾಣ, ಎಲ್ಲ ದಿನ ಒಟ್ಟಿಗೆ ಮಾಡಲು ಹೊರಟರೆ ನೂರರ ಹತ್ತಿರ ಫ್ಲಾಸ್ಕ್ ಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ ಎರಡು ಕಂಟ್ರೋಲ್, ನಾಲ್ಕು ಪ್ರಮಾಣ, ತಲಾ ನಾಲ್ಕು ಫ್ಲಾಸ್ಕ್, ಒಟ್ಟು 24. ಎಲ್ಲವನ್ನೂ ಎಲಿಸಿಟರ್ ಹಾಕಿದ 7ನೇ ದಿನ ಕೊಯ್ಯಿರಿ. ಅದರಲ್ಲಿ ಗೆದ್ದ ಒಂದು ಪ್ರಮಾಣವನ್ನು ಎರಡನೇ ಸುತ್ತಿಗೆ ಒಯ್ದು 2, 4, 7, 10ನೇ ದಿನಗಳಲ್ಲಿ ನೋಡಿ, ಪ್ರತಿ ದಿನಕ್ಕೂ ಅದರದೇ ಎಥನಾಲ್ ಕಂಟ್ರೋಲ್ ಜೊತೆಗೆ.

ಈಗ ಬಹುತೇಕರನ್ನು ಕೆಡವಿದ ಗುಂಡಿ. ಮೀಥೈಲ್ ಜಾಸ್ಮೊನೇಟ್ ಗಾಳಿಯಲ್ಲಿ ಹರಡುತ್ತದೆ. 1990ರಲ್ಲಿ ಫಾರ್ಮರ್ ಮತ್ತು ರಯಾನ್ ಎಂಬ ವಿಜ್ಞಾನಿಗಳು, ಮುಚ್ಚಿದ ಪೆಟ್ಟಿಗೆಯಲ್ಲಿ ಇದನ್ನು ಸೂಸುವ ಒಂದು ಬಗೆಯ ಮಾಚಿಪತ್ರೆಯ ಕೊಂಬೆಗಳನ್ನು ಟೊಮೆಟೊ ಸಸಿಗಳ ಪಕ್ಕ ಇಟ್ಟರು. ಮುಟ್ಟದೆಯೇ ಟೊಮೆಟೊ ತನ್ನ ರಕ್ಷಣೆಯ ಪ್ರೋಟೀನ್ ತಯಾರಿಸಿತು. ನಿಮ್ಮ ಶೇಕರ್ ಮೇಲೆ ಹತ್ತಿ ಬಿರಡೆಯ ಕಂಟ್ರೋಲ್ ಫ್ಲಾಸ್ಕ್ 200 ಮೈಕ್ರೋಮೋಲಾರ್ ಫ್ಲಾಸ್ಕ್‌ಗೆ ಒತ್ತಿಕೊಂಡು ಕೂತಿದ್ದರೆ ಅದೇ ಕಥೆ ನಡೆಯುತ್ತದೆ. ಕಂಟ್ರೋಲ್‌ನಲ್ಲೂ ಬ್ಯಾಕೋಸೈಡ್ ಏರುತ್ತದೆ, ನಿಮಗೆ "ವ್ಯತ್ಯಾಸವೇ ಇಲ್ಲ" ಎಂದು ಕಾಣುತ್ತದೆ. ನಾನೂ ಒಮ್ಮೆ ಇಡೀ ಒಂದು ಬ್ಯಾಚ್ ಹೀಗೆ ಕಳೆದುಕೊಂಡು, ತಪ್ಪನ್ನು ಎಚ್‌ಪಿಎಲ್‌ಸಿ ಮೇಲೆ ಹೊರಿಸಿದ್ದೆ. ಕಂಟ್ರೋಲ್‌ಗಳು ಬೇರೆ ಕೋಣೆಯಲ್ಲಿರಲಿ, ಬೆಳಕು ಮತ್ತು ತಾಪಮಾನ ಮಾತ್ರ ಒಂದೇ ಇರಲಿ. ಲ್ಯಾಮಿನಾರ್‌ನಲ್ಲಿ ಮೊದಲು ಕಂಟ್ರೋಲ್ ಮುಗಿಸಿ, ಆಮೇಲೆ ಸ್ಟಾಕ್ ತೆರೆಯಿರಿ. ಕೊಯ್ಲಿನಲ್ಲೂ ಅದೇ ಸರದಿ.

ದಿನವೂ ಫ್ಲಾಸ್ಕ್ ನೋಡಿ. ಹೊಸ ಎಲೆ ಬರುವುದು ನಿಧಾನವಾಗುವುದು, ಕೆಳಗಿನ ಒಂದೆರಡು ಎಲೆ ಹಳದಿಯಾಗುವುದು ನಿರೀಕ್ಷಿತ. ಮೂರು ದಿನದೊಳಗೆ ತುದಿ ಕಪ್ಪಾದರೆ, ಮೀಡಿಯಾ ಚಹಾ ಬಣ್ಣಕ್ಕೆ ತಿರುಗಿದರೆ ಪ್ರಮಾಣ ಮಿತಿ ಮೀರಿದೆ. ಸಂಶಯವಿದ್ದರೆ ಎರಡು ಚಿಗುರನ್ನು ತೆಗೆದು ಹೊಸ ಅಗರ್ ಮೇಲೆ ಇಡಿ. ಹತ್ತು ದಿನದಲ್ಲಿ ಚಿಗುರಿದರೆ ಅದು ಕೆರಳಿದೆ ಅಷ್ಟೆ. ಚಿಗುರದಿದ್ದರೆ ಸತ್ತಿದೆ, ಆ ಫ್ಲಾಸ್ಕ್‌ನ ಸಂಖ್ಯೆಗೆ ಅರ್ಥವಿಲ್ಲ.

ಹಂತ 8: ಕೊಯ್ಲು ಮತ್ತು ಸಾರ

ಚಿಗುರನ್ನು ಶುದ್ಧ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಅಂಟಿದ ಸಕ್ಕರೆ ಹೋಗದಿದ್ದರೆ ಅದೂ ಒಣ ತೂಕಕ್ಕೆ ಸೇರುತ್ತದೆ. 45 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಅವಸರಕ್ಕೆ 80ಕ್ಕೆ ಏರಿಸಬೇಡಿ. ಪುಡಿ ಮಾಡಿ 100 ಮಿ.ಗ್ರಾಂಗೆ 5 ಮಿ.ಲೀ. ಮೆಥನಾಲ್, ಸೋನಿಕೇಟರ್‌ನಲ್ಲಿ 30 ನಿಮಿಷ. ಇದನ್ನೇ ಮೂರು ಸಲ ಮಾಡಿ ಸಾರಗಳನ್ನು ಒಟ್ಟುಗೂಡಿಸಿ. ಒಂದೇ ಸಲ ತೆಗೆದು ಬಿಟ್ಟರೆ ಎಷ್ಟು ಒಳಗೇ ಉಳಿಯಿತೆಂದು ತಿಳಿಯದು.

ಉಳಿದ ಮೀಡಿಯಾವನ್ನೂ ಚೆಲ್ಲಬೇಡಿ. ಫ್ಲಾಸ್ಕ್ ಅಲ್ಲಾಡಿಸಿದಾಗ ನೊರೆ ನಿಂತರೆ ಸಪೋನಿನ್ ಹೊರಗೆ ಸೋರಿರಬಹುದು. ಅದರಲ್ಲಿ 10 ಮಿ.ಲೀ. ಒಣಗಿಸಿ ಮೆಥನಾಲ್‌ನಲ್ಲಿ ಕರಗಿಸಿ ಓಡಿಸಿ ನೋಡಿ.

ಹಂತ 9: ಲೆಕ್ಕ

ಕಲ್ಪಿತ ಅಂಕಿಗಳಿಂದ ತೋರಿಸುತ್ತೇನೆ. ಕಂಟ್ರೋಲ್ ಫ್ಲಾಸ್ಕ್‌ನಲ್ಲಿ 0.60 ಗ್ರಾಂ ಒಣ ಚಿಗುರು, ಗ್ರಾಂಗೆ 12 ಮಿ.ಗ್ರಾಂ ಬ್ಯಾಕೋಸೈಡ್. ಒಟ್ಟು 7.2 ಮಿ.ಗ್ರಾಂ. 100 ಮೈಕ್ರೋಮೋಲಾರ್ ಫ್ಲಾಸ್ಕ್‌ನಲ್ಲಿ ಗ್ರಾಂಗೆ 18, ಆದರೆ ಚಿಗುರು 0.35 ಗ್ರಾಂ ಮಾತ್ರ. ಒಟ್ಟು 6.3 ಮಿ.ಗ್ರಾಂ. ವರದಿಯಲ್ಲಿ "1.5 ಪಟ್ಟು ಹೆಚ್ಚಳ", ಕೈಯಲ್ಲಿ ನಷ್ಟ. 25 ಮೈಕ್ರೋಮೋಲಾರ್‌ನಲ್ಲಿ ಗ್ರಾಂಗೆ 15, ಚಿಗುರು 0.57 ಗ್ರಾಂ, ಒಟ್ಟು 8.55 ಮಿ.ಗ್ರಾಂ. ಗೆದ್ದದ್ದು ಇದು, ಗ್ರಾಫ್‌ನಲ್ಲಿ ಎದ್ದು ಕಾಣದಿದ್ದರೂ.

ಆದ್ದರಿಂದ ಗ್ರಾಂಗೆ ಎಷ್ಟು, ಫ್ಲಾಸ್ಕ್‌ಗೆ ಎಷ್ಟು, ಲೀಟರಿಗೆ ದಿನಕ್ಕೆ ಎಷ್ಟು, ಮೂರನ್ನೂ ಬರೆಯಿರಿ. ಒಂದೇ ಫ್ಲಾಸ್ಕ್‌ನ ನಾಲ್ಕು ಚಿಗುರು ನಾಲ್ಕು ಪುನರಾವರ್ತನೆಯಲ್ಲ, ಫ್ಲಾಸ್ಕ್ ಒಂದೇ ಘಟಕ. ಇಡೀ ಪ್ರಯೋಗವನ್ನು ಬೇರೆ ಬೇರೆ ವಾರಗಳಲ್ಲಿ ಮೂರು ಸಲ ಮಾಡಿ. ಮೊದಲ ಸಲ ಬಂದದ್ದು ಎರಡನೇ ಸಲ ಬರದಿದ್ದರೆ ಹುಡುಕಬೇಕಾದ ಕಡೆಗಳು ಮೂರು: ಇನಾಕ್ಯುಲಂನ (ಶುರುವಿಗೆ ಫ್ಲಾಸ್ಕ್‌ಗೆ ಹಾಕಿದ ಚಿಗುರಿನ) ವಯಸ್ಸು, ಸ್ಟಾಕ್‌ನ ಹಳತನ, ಶೇಕರ್ ಪಕ್ಕದ ಕರೆಂಟು ಹಾಳೆ.

ಹಂತ 10: ಇನ್ನೂ ಏರಿಸಬೇಕೆಂದರೆ

ಎಲಿಸಿಟರ್ ದಿನ ಹಳೆ ಮೀಡಿಯಾ ತೆಗೆದು ಹೊಸದು ತುಂಬುವುದು ಮೊದಲ ಪ್ರಯತ್ನವಾಗಲಿ. ಬೆಳವಣಿಗೆಗೆ ಒಂದು ಮೀಡಿಯಾ, ಉತ್ಪಾದನೆಗೆ ಇನ್ನೊಂದು. ಜಪಾನಿನ ಮಿತ್ಸುಯಿ ಕಂಪನಿ ಶಿಕೋನಿನ್ ಬಣ್ಣವನ್ನು ಕೋಶ ಕಲ್ಚರ್‌ನಿಂದ ತೆಗೆದು 1983ರಲ್ಲಿ ಮಾರುಕಟ್ಟೆಗೆ ತಂದದ್ದು ಹೀಗೆ ಎರಡು ಹಂತದ ಕಲ್ಚರ್‌ನಿಂದಲೇ. ನಿಮ್ಮ ಎರಡನೇ ಮೀಡಿಯಾದಲ್ಲಿ ಅಮೋನಿಯಂ ನೈಟ್ರೇಟ್ ಅರ್ಧ, ಲೀಟರಿಗೆ 170 ಮಿ.ಗ್ರಾಂ ಇರುವ ಪೊಟ್ಯಾಸಿಯಂ ಫಾಸ್ಫೇಟ್ ಅರ್ಧ, ಸಕ್ಕರೆ ಶೇ. 2, 3, 4. ಒಂದು ಸುತ್ತಿಗೆ ಒಂದನ್ನೇ ಬದಲಿಸಿ ಯಾವುದು ಕೆಲಸ ಮಾಡುತ್ತದೆಂದು ತಿಳಿದ ಮೇಲೆ ಜೋಡಿಯಾಗಿ ಪರೀಕ್ಷಿಸಿ. ಜಾಸ್ಮೊನೇಟ್ ಮತ್ತು ಸ್ಯಾಲಿಸಿಲಿಕ್ ಆಮ್ಲ ಎರಡನ್ನೂ ಒಟ್ಟಿಗೆ ಸುರಿದರೆ ದುಪ್ಪಟ್ಟಾಗುತ್ತದೆಂಬ ಲೆಕ್ಕ ಬೇಡ. ಗಿಡದೊಳಗೆ ಇವೆರಡರ ದಾರಿಗಳು ಅನೇಕ ಸಲ ಒಂದನ್ನೊಂದು ತಡೆಯುತ್ತವೆ.

ದೊಡ್ಡ ಪಾತ್ರೆಗೆ ಹೋಗುವಾಗ ಕಲಕುವ ರೆಕ್ಕೆಯಿರುವ ಹುದುಗುಪಾತ್ರೆ ಬೇಡ, ಚಿಗುರು ನುಚ್ಚಾಗುತ್ತದೆ. ಆಗಾಗ ಮುಳುಗಿಸಿ ಬರಿದು ಮಾಡುವ ವ್ಯವಸ್ಥೆ ಈ ಗಿಡಕ್ಕೆ ಹೊಂದುತ್ತದೆ, ಗಾಜಿನಂತಾಗುವುದೂ ಅದರಲ್ಲಿ ಕಡಿಮೆ. ಗುಳ್ಳೆ ಹಾಯಿಸುವ ಪಾತ್ರೆಯೇ ಇರುವುದಾದರೆ ಅರ್ಧ ಮಟ್ಟದವರೆಗಷ್ಟೇ ಮೀಡಿಯಾ ತುಂಬಿ. ಎಲಿಸಿಟರ್ ಹಾಕಿದ ಮೇಲೆ ಸೋರಿದ ಸಪೋನಿನ್‌ಗೆ ಗಾಳಿ ಸೇರಿ ನೊರೆ ಉಕ್ಕುತ್ತದೆ, ಚಿಗುರನ್ನು ಹೊತ್ತು ಮುಚ್ಚಳದವರೆಗೆ ಏರುತ್ತದೆ, ಹೊರಗಾಳಿಯ ಫಿಲ್ಟರ್ ಒದ್ದೆ ಮಾಡುತ್ತದೆ. ಒದ್ದೆ ಫಿಲ್ಟರ್ ಕಂಡ ದಿನವೇ ಗಾಳಿ ತಗ್ಗಿಸಿ, ಫಿಲ್ಟರ್ ಬದಲಿಸಿ. ಮರುದಿನಕ್ಕೆ ಬಿಟ್ಟರೆ ಕೊಯ್ಯಲು ಚಿಗುರಿನ ಬದಲು ಬೂಷ್ಟು ಸಿಗುತ್ತದೆ.